ಪುಟ್ಟಿ ನೀರಿಗಿಳಿಯದ ತಿಂಗಳು

ಮೈತ್ರಿ ತಾಟನ್ನು ಮೆಲ್ಲಗೆ ದೂರ ಸರಿಸಿದಳು. ರೊಟ್ಟಿ ಹಾಗೆಯೇ ಇತ್ತು. ಬ್ಯಾಳಿ ತಣ್ಣಗಾಗಿತ್ತು.

"ಸೇರವಲ್ದು ಯವ್ವಾ," ಎಂದಳು. "ನಮ್ಮ ಡ್ಯಾಮಿನ ಮೀನಿನ ಸಾರು ಇದ್ರ ಎರಡು ರೊಟ್ಟಿ ತಿಂತಿದ್ದೆ."

ಮೈತ್ರಿ ಲುಂಬಿನಿಯ ಅಕ್ಕ. ಗಂಡನ ಮನೆ ವಾಡಿಯಲ್ಲಿ. ಚೊಚ್ಚಲ ಹೆರಿಗೆಗೆಂದು ಚಿಂಚೋಳಿ ಹತ್ತಿರದ ಈ ಊರಿಗೆ, ತವರಿಗೆ ಬಂದಿದ್ದಳು. ಬಂದಾಗಿನಿಂದ ಅವಳಿಗೆ ಇದೊಂದೇ ಬಯಕೆ. ಅವ್ವ ಹಣಮವ್ವ ಚಿಂಚೋಳಿ ಬಜಾರಿನಿಂದ ಐಸಿನಲ್ಲಿಟ್ಟ ಮೀನು ತಂದು ಸಾರು ಮಾಡಿದ್ದಳು. ಮೈತ್ರಿ ವಾಸನೆಗೇ ಎದ್ದು ಹೊರಗೆ ಓಡಿದ್ದಳು.

ಐದನೇ ಕ್ಲಾಸಿನ ಲುಂಬಿನಿಗೆ ಇದು ಅರ್ಥವೇ ಆಗುತ್ತಿರಲಿಲ್ಲ. ಮನೆಯ ಹಿಂದಿನ ಇಳಿಜಾರು ಇಳಿದರೆ ಡ್ಯಾಮಿನ ನೀರು. ನೀರಿನ ತುಂಬ ಮೀನು. ದಡದಲ್ಲಿ ಅವ್ವನ ಪುಟ್ಟಿ. ದೊಡ್ಡ ಬುಟ್ಟಿಯಂಥ ದುಂಡನೆಯ ಆ ದೋಣಿ ಬೇವಿನ ಗಿಡದ ಕೆಳಗೆ ಬೋರಲು ಬಿದ್ದಿತ್ತು. ಹಾಗಿದ್ದೂ ಅಕ್ಕನ ತಾಟಿಗೆ ಒಂದು ತುಂಡು ಮೀನಿಲ್ಲ.

"ಒಂದೇ ಒಂದು ಹಿಡ್ಕೊಂಡು ಬಾ ಯವ್ವಾ. ಯಾರು ನೋಡ್ತಾರ?" ಎಂದಳು ಲುಂಬಿನಿ.

"ಈಗ ಪುಟ್ಟಿ ನೀರಿಗಿ ಇಳಸಂಗಿಲ್ಲ. ಲೈಸನ್ಸ್ ಹೋಗ್ತದ," ಎಂದಳು ಅವ್ವ. ಅಷ್ಟೇ ಹೇಳಿ ತಾಟು ಎತ್ತಿಕೊಂಡು ಒಳಗೆ ಹೋದಳು.

ಲೈಸನ್ಸಿನ ಕಾರ್ಡು ಲುಂಬಿನಿಗೆ ಗೊತ್ತಿತ್ತು. ಅದರ ಮೇಲೆ ಅವ್ವನ ಫೋಟೋ ಇತ್ತು, ಈಗಲೋ ಆಗಲೋ ಯಾರಿಗೋ ಬೈಯುವವಳಂತೆ. ಕಾರ್ಡಿನಲ್ಲಿದ್ದ ನಂಬರನ್ನೇ ಪುಟ್ಟಿಯ ಮೇಲೆ ಹಳದಿ ಬಣ್ಣದಲ್ಲಿ ಬರೆದಿದ್ದರು. ಆ ಪುಟ್ಟಿಯಲ್ಲಿ ಕೂತು ಅವ್ವ, ಮತ್ತು ಜೊತೆಗಾರನೆಂದು ಹೆಸರು ಬರೆಸಿದ್ದ ಕಾಕಾ, ಇವರಿಬ್ಬರೇ ಮೀನು ಹಿಡಿಯಬಹುದು. ಬಲೆಯ ಕಣ್ಣು ತೀರ ಸಣ್ಣದಿರಬಾರದು. ಮಳೆಗಾಲ ಶುರುವಾದ ಮೇಲೆ ಎರಡು ತಿಂಗಳು ಯಾರ ಪುಟ್ಟಿಯೂ ನೀರಿಗೆ ಇಳಿಯಬಾರದು. ಯಾಕೆ ಎಂದು ಲುಂಬಿನಿ ಯಾರನ್ನೂ ಕೇಳಿರಲಿಲ್ಲ. ಸ್ಕೂಲಿನ ಗೇಟು ಬಂದ್ ಮಾಡುವ ಹಾಗೆ ಇದೂ ಒಂದು ಎಂದುಕೊಂಡಿದ್ದಳು.

ಕಾಕಾನ ಮಗ ಕಪಿಲ ಒಂಬತ್ತನೇ ಕ್ಲಾಸು. ಅವನಿಗೆ ಬಲೆ ಬೀಸಲು ಬರುತ್ತಿತ್ತು. ಶನಿವಾರ ಸ್ಕೂಲು ಬಿಟ್ಟು ಬರುವಾಗ ಲುಂಬಿನಿ ಅವನ ಮುಂದೆ ಅಕ್ಕನ ವಿಷಯ ತೆಗೆದಳು. ಸಂಡೇ ಮೀನುಗಾರಿಕೆ ಆಫೀಸಿನವರು ಬರುವುದಿಲ್ಲ, ದೊಡ್ಡವರೆಲ್ಲ ತೊಗರಿ ಹೊಲಕ್ಕೆ ಹೋಗಿರುತ್ತಾರೆ, ಹೋಗಿ ಒಂದು ಮೀನು ಹಿಡಿದು ಬಂದುಬಿಡೋಣ ಎಂದ ಕಪಿಲ. ಲುಂಬಿನಿಗೆ ಅವ್ವನ ಲೈಸನ್ಸಿನ ಕಾರ್ಡು ನೆನಪಾಯಿತು. ಆದರೂ ಹೂಂ ಅಂದಳು.

ಆ ರಾತ್ರಿ ಗುಡ್ಡದ ಮೇಲೆ ಜೋರು ಮಳೆ ಬಿತ್ತು.

ಬೆಳಿಗ್ಗೆ ಅವ್ವ ಹೊಲಕ್ಕೆ ಹೋಗುವುದನ್ನೇ ಕಾದು ಇಬ್ಬರೂ ಪುಟ್ಟಿಯನ್ನು ನೀರಿಗೆ ಎಳೆದರು. ಕಪಿಲ ಹುಟ್ಟು ಹಾಕಿದ. ಲುಂಬಿನಿ ಬಲೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಹಳ್ಳ ಬಂದು ಡ್ಯಾಮಿಗೆ ಸೇರುವ ಜಾಗದಲ್ಲಿ ಮೀನು ಜಾಸ್ತಿ ಇರುತ್ತವೆ ಎಂದು ಕಪಿಲನಿಗೆ ಗೊತ್ತಿತ್ತು. ಅತ್ತ ಹೋದಂತೆ ನೀರಿನ ಬಣ್ಣ ಬದಲಾಯಿತು. ಗುಡ್ಡದ ಕೆಂಪು ಮಣ್ಣು ಕರಗಿಸಿಕೊಂಡು ಹೊಸ ನೀರು ಬರುತ್ತಿತ್ತು. ನಿನ್ನೆವರೆಗೆ ದನ ಮೇಯುತ್ತಿದ್ದ ಹುಲ್ಲುಗಾವಲು ಮೊಣಕಾಲುದ್ದ ಮುಳುಗಿತ್ತು.

ಅಲ್ಲಿ ಕಪಿಲ ಹುಟ್ಟು ಹಾಕುವುದನ್ನು ನಿಲ್ಲಿಸಿಬಿಟ್ಟ.

ಮುಂದೆ ನೀರು ಕುದಿಯುತ್ತಿರುವಂತೆ ಕಂಡಿತು. ಲುಂಬಿನಿ ಕಣ್ಣು ಕಿರಿದು ಮಾಡಿ ನೋಡಿದಳು. ಅದು ಕುದಿತವಲ್ಲ, ಮೀನುಗಳ ಬೆನ್ನು. ಒಂದರ ಪಕ್ಕ ಒಂದು, ಒಂದರ ಹಿಂದೆ ಒಂದು, ಹರಿವಿಗೆ ಎದುರಾಗಿ ಹುಲ್ಲಿನೊಳಕ್ಕೆ ನುಗ್ಗುತ್ತಿದ್ದವು. ನೀರು ಸಾಲದೆ ಅವುಗಳ ಬೆನ್ನು ಮೇಲೆ ಬಂದು ಬಿಸಿಲಿಗೆ ತಾಮ್ರದ ಹಾಗೆ ಹೊಳೆಯುತ್ತಿತ್ತು. ಸಣ್ಣವಿದ್ದವು, ಮೊಳದುದ್ದದವಿದ್ದವು. ಕೆಲವಂತೂ ಊರಿನ ಯಾವ ಬಲೆಯಲ್ಲೂ ಲುಂಬಿನಿ ನೋಡಿರದಷ್ಟು ದೊಡ್ಡವು. ದೊಡ್ಡದೊಂದು ನಿಧಾನಕ್ಕೆ ಹೊರಳಿದರೆ ಅದರ ಸುತ್ತ ನಾಲ್ಕೈದು ಮೀನು ಒತ್ತಿ ಬಂದು ಬಾಲ ಬಡಿಯುತ್ತಿದ್ದವು. ಹುಲ್ಲೆಲ್ಲ ನಡುಗುತ್ತಿತ್ತು. ಪುಟ್ಟಿಯ ತಳಕ್ಕೆ ಟಪ್ ಟಪ್ ಎಂದು ತಾಗುವುದು ಅವಳ ಅಂಗಾಲಿಗೆ ತಿಳಿಯುತ್ತಿತ್ತು.

ಲುಂಬಿನಿಯ ತೋಳಿನ ಮೇಲೆ ರೋಮ ನಿಂತವು. ಯಾರದೋ ಮನೆಯೊಳಗೆ ಬಾಗಿಲು ಬಡಿಯದೆ ಬಂದುಬಿಟ್ಟಂತೆ ಆಯಿತು.

"ಬಲೆ ಕೊಡು," ಎಂದ ಕಪಿಲ. ಅವನ ದನಿಯೂ ಸಣ್ಣದಾಗಿತ್ತು.

ಅವಳು ಕೊಟ್ಟಳು. ಬಲೆ ಹರಡಿ ನೀರಿಗೆ ಬಿದ್ದದ್ದೇ ತಡ, ಹಗ್ಗ ಬಿಗಿಯಿತು. ಪುಟ್ಟಿ ಗರ್ರನೆ ಒಂದು ಸುತ್ತು ತಿರುಗಿ ಆ ಎಳೆತಕ್ಕೆ ಮುಂದಕ್ಕೆ ಹೋಯಿತು. ಕಪಿಲ ಮೊಣಕಾಲೂರಿ ಬಿದ್ದ. ಲುಂಬಿನಿ ಹಗ್ಗಕ್ಕೆ ಕೈ ಹಾಕಿದಳು. ಆಚೆ ತುದಿಯಲ್ಲಿದ್ದ ಜೀವದ ಬಲ ಅವಳ ಭುಜದವರೆಗೂ ಬಂತು. ಪುಟ್ಟಿಯ ಅಂಚು ವಾಲಿ ಒಳಗೆ ನೀರು ಬಂತು. ಇಬ್ಬರೂ ಹಿಂದಕ್ಕೆ ಒರಗಿ ಎಳೆದರು.

ಬಲೆಯಲ್ಲಿ ಒಂದೇ ಒಂದು ಮೀನು. ರೋಹು. ಅದನ್ನು ಪುಟ್ಟಿಯ ಅಂಚಿಗೆ ತಂದಾಗ ಅದರ ಹೊಟ್ಟೆ ಬಿಗಿದು ಉಬ್ಬಿರುವುದು ಕಂಡಿತು. ಲುಂಬಿನಿ ಕೆಳಗಿನಿಂದ ಕೈ ಕೊಟ್ಟು ಹಿಡಿದಳು. ನುಣ್ಣಗೆ ಏನೋ ಬೆರಳ ಸಂದಿಯಿಂದ ಇಳಿಯತೊಡಗಿತು. ಸಾಸಿವೆಯಂಥ ಮೊಟ್ಟೆಗಳು, ಅಂಗೈ ತುಂಬಿ ಮುಂಗೈ ಮೇಲೆ ಹರಿದು ನೀರಿಗೆ ಬೀಳುತ್ತಲೇ ಇದ್ದವು. ಮೀನು ಬಾಯಿ ತೆರೆದು ಮುಚ್ಚಿತು.

"ಬಿಡು ಅಣ್ಣಾ," ಎಂದಳು ಲುಂಬಿನಿ.

"ಅಕ್ಕಗ ಬೇಕಂದಿ?"

"ಬಿಡು. ಇದು ಬ್ಯಾಡ."

ಕಪಿಲ ಅವಳ ಕೈಯನ್ನೇ ನೋಡಿದ. ಆಮೇಲೆ ಬಲೆಯ ಸಿಕ್ಕು ಬಿಡಿಸಿದ. ಮೀನು ಒಂದು ಗಳಿಗೆ ಪುಟ್ಟಿಯ ಪಕ್ಕದಲ್ಲೇ ವಾಲಿ ನಿಂತಿತು. ಬಾಲ ಒಮ್ಮೆ ಬೀಸಿ ಕೆಂಪು ನೀರಿನೊಳಗೆ ಹೋಯಿತು.

ಆಗಲೇ ದಡದಿಂದ ಯಾರೋ ಕೂಗಿದ್ದು. ಮೀನುಗಾರರ ಸಂಘದ ಕಾವಲುಗಾರ ಅಬ್ದುಲ್ ಮಜೀದ ಕೊಡೆ ಹಿಡಿದು ನಿಂತಿದ್ದರು. ಅಲ್ಲಿಂದಲೇ ಹಳದಿ ನಂಬರನ್ನು ಓದಿದ್ದರು. ಮಕ್ಕಳು ಪುಟ್ಟಿಯನ್ನು ದಡಕ್ಕೆ ತಂದಾಗ ಅವರು ಬೈಯಲಿಲ್ಲ. ಹೊಲದಲ್ಲಿದ್ದ ಹಣಮವ್ವನಿಗೆ ಫೋನು ಮಾಡಿದರು.

ಅವ್ವ ಓಡುತ್ತಲೇ ಬಂದಳು. ಸೀರೆಯ ತುಂಬ ಕಪ್ಪು ಮಣ್ಣು. ಬಂದವಳು ಮೊದಲು ಪುಟ್ಟಿಯ ಕಡೆ ನೋಡಲಿಲ್ಲ. ಇಬ್ಬರ ತಲೆ, ಭುಜ, ಕೈ ಮುಟ್ಟಿ ನೋಡಿದಳು. ಹಳ್ಳಕ್ಕೆ ಹೊಸ ನೀರು ಬಂದಿರುವಾಗ ಇಲ್ಲಿ ಪುಟ್ಟಿ ಮಗುಚಿದ್ದರೆ ಏನಾಗುತ್ತಿತ್ತೆಂದು ಅವಳಿಗೆ ಗೊತ್ತಿತ್ತು.

ಮಜೀದರು ಸಂಕಟದಿಂದಲೇ ಹೇಳಿದರು. ಹುಡುಗರೆಂದು ತಾನು ಇದನ್ನು ಬಿಟ್ಟರೆ ನಾಳೆ ಇನ್ನೊಬ್ಬರ ಪುಟ್ಟಿ ಇಳಿಯುತ್ತದೆ, ಸಂಘಕ್ಕೆ ಹೇಳಲೇಬೇಕು ಎಂದರು.

"ಹೇಳ್ರಿ ಭಾಯಿ," ಎಂದಳು ಅವ್ವ. "ಪುಟ್ಟಿ ನಂದೇ ಅದ."

ಲುಂಬಿನಿ ಅವ್ವನ ಮುಂದೆ ಬಂದು ನಿಂತಳು. "ನಮ್ಮವ್ವಂದು ಏನೂ ತಪ್ಪಿಲ್ರಿ ಚಾಚಾ," ಎಂದಳು. "ಅಕಿಗಿ ಗೊತ್ತೇ ಇಲ್ಲ. ನಾನೇ ಕಪಿಲಣ್ಣಗ ಕರ್ಕೊಂಡು ಬಂದೀನಿ."

ಮಜೀದರು ಅವಳ ತಲೆಯ ಮೇಲೆ ಕೈಯಿಟ್ಟರು. ಆದರೂ ಹೇಳುವುದನ್ನು ಹೇಳಿದರು. ಸಂಜೆ ಸಂಘದವರು ಕೂತು ಮಾತಾಡಿದರು. ಮಕ್ಕಳು ಮೀನನ್ನು ಬಿಟ್ಟದ್ದನ್ನು ತಾನು ಕಂಡೆನೆಂದೂ ಮಜೀದರು ತಿಳಿಸಿದ್ದರಿಂದ ಲೈಸನ್ಸ್ ಉಳಿಯಿತು. ಆದರೆ ಎಲ್ಲರ ಪುಟ್ಟಿ ನೀರಿಗಿಳಿದ ಮೇಲೂ ಹಣಮವ್ವನದು ಇನ್ನೊಂದು ತಿಂಗಳು ದಡದಲ್ಲೇ ಇರಬೇಕು ಎಂದಾಯಿತು. ಅಂದರೆ ಇನ್ನೊಂದು ತಿಂಗಳು ಅವ್ವನಿಗೆ ಹೊಲದ ಕೂಲಿಯೇ ಗತಿ. ಕಾಕಾ ಕಪಿಲನ ಜೊತೆ ಮಾತು ಬಿಟ್ಟ. ಮೈತ್ರಿ ಇದನ್ನೆಲ್ಲ ಕೇಳಿ ಕಣ್ಣೊರೆಸಿಕೊಂಡಳು. ಆಮೇಲೆ ತಾನೇ ತಾಟು ಎಳೆದುಕೊಂಡು ಶೇಂಗಾ ಹಿಂಡಿಯ ಚಟ್ನಿಪುಡಿ, ಮೊಸರು ಹಚ್ಚಿ ರೊಟ್ಟಿ ತಿಂದಳು.

ಅವ್ವ ಮಾತ್ರ ಒದ್ದೆ ಬಲೆಯನ್ನು ಕೊಡವಿ ಗೂಟಕ್ಕೆ ಹಾಕಿದಳು. ಬೈದಿದ್ದರೆ ಚೆನ್ನಾಗಿತ್ತು ಎನ್ನಿಸಿ ಲುಂಬಿನಿ ಗೋಡೆಗೆ ಮುಖ ಮಾಡಿ ಮಲಗಿದಳು.

ಬೆಳಕು ಹರಿಯುವ ಹೊತ್ತಿಗೆ ಅವ್ವ ಅವಳನ್ನು ಎಬ್ಬಿಸಿದಳು. "ಬಾ," ಎಂದಳು. ಇಬ್ಬರೂ ದಡದ ಮೇಲೇ ನಡೆದು ಹಳ್ಳದ ಬಾಯಿಗೆ ಹೋದರು. ನೀರು ಈಗ ಶಾಂತವಾಗಿತ್ತು. ಒಂದು ಮೀನೂ ಕಾಣಲಿಲ್ಲ. ಅವ್ವ ಹುಲ್ಲಿನ ನಡುವೆ ಬಗ್ಗಿ ಬೊಗಸೆಯಲ್ಲಿ ನೀರೆತ್ತಿ ಮಗಳ ಬೊಗಸೆಗೆ ಸುರಿದಳು.

"ನೋಡು. ಅಲ್ಲಾಡಬ್ಯಾಡ."

ಲುಂಬಿನಿ ನೋಡಿದಳು. ಅವಳ ಕೈಯಲ್ಲಿ ನೆನೆಸಿದ ಸಾಬೂದಾಣಿಯಂಥ ಮಣಿಗಳು ತೇಲುತ್ತಿದ್ದವು. ಗಾಜಿನಷ್ಟು ತಿಳಿ. ಒಂದೊಂದರೊಳಗೂ ದಾರದ ಎಳೆಯಂಥ ಏನೋ ಸುರುಳಿ ಸುತ್ತಿಕೊಂಡಿತ್ತು. ಮಿಸುಕುತ್ತಿತ್ತು. ಅವಳು ತಲೆ ಎತ್ತಿ ಹುಲ್ಲುಗಾವಲಿನ ಉದ್ದಕ್ಕೂ ಕಣ್ಣು ಹಾಯಿಸಿದಳು. ಬೊಗಸೆಯಲ್ಲೇ ಇಷ್ಟಿದ್ದರೆ ಅಲ್ಲಿ ಎಷ್ಟಿರಬಹುದು?

"ಇವೆಲ್ಲಾ ದೊಡ್ಡವು ಆಗ್ತಾವೇನ್ ಯವ್ವಾ?"

"ಎಲ್ಲಾ ಎಲ್ಲಿ ಆಗ್ತಾವ? ಕೊಕ್ಕರಿ ತಿಂತಾವ, ಹಾವು ತಿಂತಾವ. ನೀರು ಸರದ್ರ ಬಿಸಲಿಗಿ ಒಣಗ್ತಾವ. ಉಳಿಯೋವು ಒಂದೀಟು," ಎಂದಳು ಅವ್ವ. "ಈ ಎರಡು ತಿಂಗಳು ನಾವೂ ಬಂದ್ರ ಅದೂ ಇಲ್ಲ."

ಅಷ್ಟರಲ್ಲಿ ಒಂದು ಮಣಿ ಒಡೆಯಿತು. ಒಳಗಿದ್ದ ಎಳೆ ನೆಟ್ಟಗಾಗಿ ಹೊರಗೆ ಬಂತು. ಕೂದಲಿಗಿಂತ ತುಸು ದಪ್ಪ, ಎರಡು ಕಪ್ಪು ಚುಕ್ಕೆಯ ಕಣ್ಣು. ಅದು ಅವಳ ಹೆಬ್ಬೆರಳಿನವರೆಗೆ ಈಜಿ ಬಂದು, ದಣಿದಂತೆ ನಿಂತಿತು.

ಲುಂಬಿನಿ ಉಸಿರು ಬಿಗಿಹಿಡಿದಳು. ಮೊಣಕಾಲು ಮುಳುಗುವಷ್ಟು ನೀರಿಗೆ ಇಳಿದು, ಒಂದು ಅಲೆಯೂ ಏಳದ ಹಾಗೆ ಕೈಗಳನ್ನು ನೀರೊಳಗೆ ಇಳಿಸಿ ಬೊಗಸೆ ಬಿಚ್ಚಿದಳು. ಮರಿ ಯಾವ ಕಡೆ ಹೋಯಿತೋ ಕಾಣಲಿಲ್ಲ. ಹಿಂದಕ್ಕೆ ಬರುವಾಗ ಅವಳು ಪಾದ ಎತ್ತಿ ಇಡಲಿಲ್ಲ. ಹುಲ್ಲಿನ ನಡುವೆ ನೆಲ ತಡವುತ್ತ, ಒಂದು ಮಣಿಯೂ ಕಾಲಡಿಗೆ ಸಿಗದ ಹಾಗೆ ಮೆಲ್ಲಗೆ ಸರಿಸಿಕೊಂಡು ಬಂದಳು.