ಗಾಜಿನೊಳಗಿನ ನಾಲ್ಕು ಸೆಕೆಂಡ್

2008ರ ಅಕ್ಟೋಬರ್ 10, ಶುಕ್ರವಾರ ಬೆಳಿಗ್ಗೆ 11.20ಕ್ಕೆ ದೇವರಾಯಸಮುದ್ರದ ಮುನಿಲಕ್ಷ್ಮಿ ವೇಮಗಲ್ ಠಾಣೆಗೆ ಬಂದು ದೂರು ಕೊಟ್ಟರು. 8ರಂದು, ಆಯುಧಪೂಜೆಯ ದಿನ, ಕೈಗಾರಿಕಾ ಪ್ರದೇಶದ ಲೇಸರ್ ಪ್ರಯೋಗಾಲಯದಲ್ಲಿ ಅವರ ಗಂಡ, ತಂತ್ರಜ್ಞ ಶ್ರೀಧರ್, ಕಣ್ಣು ಕಳೆದುಕೊಂಡಿದ್ದ. ಬಲಗಣ್ಣು ಪೂರ್ತಿ ಹೋಗಿತ್ತು. ಎಡಗಣ್ಣಿಗೆ ನೆರಳಷ್ಟೇ ಕಾಣುತ್ತಿತ್ತು.

“ಮಿಷಿನ್ ಹತ್ರ ಹುಡುಗಾಟ ಆಡಕ್ಕೋಗಿ ಕಣ್ಣು ಕಳ್ಕೊಂಡ ಅಂತ ಕಂಪ್ನಿಯೋರು ಬರ್ಕೊಂಡವ್ರೆ. ಎಂಟು ವರ್ಷ ದುಡಿದವ್ನೆ ಸಾರ್. ಆ ಮಾತು ತೆಗೆಸ್ಕೊಡಿ, ಸಾಕು.”

ಇನ್‌ಸ್ಪೆಕ್ಟರ್ ವೆಂಕಟರಮಣಪ್ಪ ಎಫ್‌ಐಆರ್ ದಾಖಲಿಸಿ, ಹೆಡ್ ಕಾನ್‌ಸ್ಟೆಬಲ್ ಗಂಗುಲಪ್ಪನೊಂದಿಗೆ ಪ್ರಯೋಗಾಲಯಕ್ಕೆ ಹೊರಟರು.

ಅಲ್ಲಿ ಅತಿಸೂಕ್ಷ್ಮ ಲೇಸರ್ ಹೊಡೆತಗಳಿಂದ ಗಾಜಿನೊಳಗೆ ಚುಕ್ಕೆ ಮೂಡಿಸಿ ಮಾಹಿತಿ ಬರೆಯುತ್ತಿದ್ದರು. ಬರೆದದ್ದನ್ನು ಅಳಿಸಲಾಗದು. ಯಂತ್ರದ ಬಾಗಿಲು ತೆರೆದರೆ ಅದರಲ್ಲಿನ ಸುರಕ್ಷತಾ ಸ್ವಿಚ್ಚಿನಿಂದ ಲೇಸರ್ ತಾನಾಗಿ ನಿಲ್ಲಬೇಕು.

“ಪೂಜೆಗೆ ಅಂತ ಬೆಳಿಗ್ಗೆ ಎಂಟಕ್ಕೇ ಆಫ್ ಮಾಡಿದ್ವಿ. ಅವನೇ ಆನ್ ಮಾಡಿ ಇಣುಕಿದಾನೆ,” ಎಂದ ಮುಖ್ಯಸ್ಥ ವಂಶಿಕೃಷ್ಣ. ಕಂಪ್ಯೂಟರಿನ ದಾಖಲೆಯೂ ಅದನ್ನೇ ಹೇಳಿತು.

ಪಂಚನಾಮೆಯಲ್ಲಿ ಎರಡು ಅಂಶ ದಾಖಲಾದವು. ಬಾಗಿಲಿನ ಸ್ವಿಚ್ ಮೇಲೆ ಗೋಂದಿನ ಗುರುತು. ಕುಂಕುಮದ ಸ್ಟೀಲ್ ತಟ್ಟೆಯ ಅಂಚಿನಲ್ಲಿ ಸುಟ್ಟ ಕಲೆ.

“ಕರ್ಪೂರ ಇಲ್ದೇನೇ ತಟ್ಟೆ ಸುಟ್ಟೈತೆ ಸಾರ್,” ಎಂದ ಗಂಗುಲಪ್ಪ.

ಸಂಜೆ 5ಕ್ಕೆ ಕೋಲಾರದ ಆಸ್ಪತ್ರೆಯಲ್ಲಿ ಶ್ರೀಧರನ ಹೇಳಿಕೆ ಪಡೆದರು.

“ಬಾಗಿಲು ಯಾಕಪ್ಪಾ ತೆಗೆದೆ?”

“ವರ್ಷಾ ವರ್ಷಾ ಒಳಗಡೆ ಕುಂಕುಮ ಇಡೋದು ನಾನೇ ಸಾರ್. ಬಾಗಿಲು ತೆಗೆದ್ರೆ ಲೇಸರ್ ನಿಂತೋಗ್ತದೆ. ಆ ನಂಬಿಕೆ ಮೇಲೆ ತಟ್ಟೆ ಒಳಗಿಟ್ಟೆ.”

“ಆನ್ ಇದ್ದಿದ್ದು ಗೊತ್ತಾಗ್ಲಿಲ್ವಾ?”

“ಆ ಬೆಳಕು ಕಣ್ಣಿಗೆ ಕಾಣಲ್ಲ ಸಾರ್. ಕಂಪ್ಯೂಟರ್ ಬಿಡಿ, ಅವತ್ತು ಮಿಷಿನ್‌ನಲ್ಲಿದ್ದ ಗಾಜು ಹುಡುಕಿ. ಪ್ರತಿ ಸಾಲಿನ ಮೊದಲಲ್ಲೂ ಟೈಮ್ ಬರೀಬೇಕು ಅಂತ ರೂಲ್ ಮಾಡಿದ್ದು ವಂಶಿಕೃಷ್ಣ ಸಾರೇ.”

ಗಾಜು ವಂಶಿಕೃಷ್ಣನ ಬೀರುವಿನಲ್ಲಿ ಸಿಕ್ಕಿತು, ಮೆತ್ತನೆಯ ಬಟ್ಟೆಯಲ್ಲಿ ಸುತ್ತಿಟ್ಟಿದ್ದ.

14ರಂದು ಬೆಂಗಳೂರಿನ ತಜ್ಞರೊಬ್ಬರು ಪಂಚರ ಮುಂದೆ ಅದನ್ನು ಸೂಕ್ಷ್ಮದರ್ಶಕದಡಿ ಓದಿದರು. 7ರ ಸಂಜೆಯಿಂದ ಸಾಲುಗಳು ತಡೆಯಿಲ್ಲದೆ ಬಂದಿದ್ದವು. ಯಂತ್ರ ನಿಂತೇ ಇರಲಿಲ್ಲ. 8ರ ಬೆಳಿಗ್ಗೆ 10.47ರ ಸಾಲಿನಲ್ಲಿ ಮಾತ್ರ ನಾಲ್ಕು ಸೆಕೆಂಡಿನಷ್ಟು ಜಾಗ ಖಾಲಿ. ಲೇಸರ್ ಗಾಜಿಗೆ ತಲುಪದೆ ತಟ್ಟೆಗೆ ಬಡಿದು, ಶ್ರೀಧರನ ಕಣ್ಣಿಗೆ ಚಿಮ್ಮಿದ ಹೊತ್ತು ಅದು. ಅಲ್ಲಿಂದ ಚುಕ್ಕೆಗಳು ಮಧ್ಯಾಹ್ನ 3.52ರವರೆಗೆ ಮುಂದುವರಿದಿದ್ದವು. ಶ್ರೀಧರನನ್ನು ಆಸ್ಪತ್ರೆಗೆ ಸೇರಿಸಿದ್ದು 11.40ಕ್ಕೆ.

ಅಂದೇ ಸಂಜೆ 4.30ಕ್ಕೆ ವಂಶಿಕೃಷ್ಣನ ಬಂಧನವಾಯಿತು. ಯಾರೋ ಬಾಗಿಲು ತೆರೆದಾಗ ಲೇಸರ್ ನಿಂತು ಹಿಂದಿನ ಎರಡು ಗಾಜುಗಳು ಅರ್ಧಕ್ಕೇ ಕೆಟ್ಟಿದ್ದವು. ಮೂರನೆಯದು ಕೆಡಬಾರದೆಂದು, ಬಾಗಿಲು ತೆರೆದರೂ ಯಂತ್ರಕ್ಕೆ ಮುಚ್ಚಿದಂತೆಯೇ ತೋರುವ ಹಾಗೆ ಸ್ವಿಚ್ಚಿಗೆ ಅಯಸ್ಕಾಂತ ಅಂಟಿಸಿದ್ದ. ಪೂಜೆಗೂ ಯಂತ್ರ ನಿಲ್ಲಿಸಲಿಲ್ಲ, ಯಾರಿಗೂ ಹೇಳಲಿಲ್ಲ.

“ಕಂಪ್ಯೂಟರ್ ತಿದ್ದಿದೀರ. ಗಾಜು ಯಾಕೆ ಒಡೀಲಿಲ್ಲ?” ಎಂದು ವೆಂಕಟರಮಣಪ್ಪ ಕೇಳಿದರು.

ವಂಶಿಕೃಷ್ಣ ಮೇಜಿನ ಮೇಲಿದ್ದ ಮೊಹರು ಹಾಕಿದ ಗಾಜಿನ ಪೊಟ್ಟಣವನ್ನೇ ನೋಡುತ್ತಿದ್ದ.

“ಕೊನೇವರೆಗೂ ಬಂದಿದ್ದು ಅದೊಂದೇ ಸರ್. ಹೋಗಿರೋದು ನಾಲ್ಕೇ ಸೆಕೆಂಡು.”

ಹೇಳಿಕೆ ಬರೆದುಕೊಳ್ಳುತ್ತಿದ್ದ ಗಂಗುಲಪ್ಪನ ಪೆನ್ನು ನಿಂತಿತು.

“ಬರ್ಕೋ,” ಎಂದರು ವೆಂಕಟರಮಣಪ್ಪ.