ಫೋನ್ ಆಫ್ ಮಾಡುವ ಸೋಮವಾರ

ಆಸ್ಕರ್ ಸಮಾರಂಭದ ಸೋಮವಾರ, ಮಧ್ಯಾಹ್ನ ಎರಡೂಕಾಲಿಗೆ ಸುಮುಖನಿಗೆ ಮೆಸೇಜ್ ಕಳಿಸಿದೆ. "ಕನ್ನಡ ಕೂಟದ ಪದ್ಮಾವತಿ ಆಂಟಿ ನನಗೆ ಲೋವರ್ ಹಟ್ ಊರಿನ ಹುಡುಗನ ಸಂಬಂಧ ತಂದಿದ್ದಾರೆ. ಸಂಜೆ ಆರಕ್ಕೆ ಮೈಸೂರಿಗೆ ಫೋನ್ ಮಾಡಿ ಅಪ್ಪನಿಗೆ ಹೇಳ್ತಾರಂತೆ. ಬೇಡ ಅನ್ನಲಾ?"

ಎರಡೂವರೆ ಆಯಿತು, ಉತ್ತರವಿಲ್ಲ. ಮೂರಾಯಿತು. ಊರಿನ ಉತ್ತರ ತುದಿಯ ಆಲ್ಬನಿಯಲ್ಲಿರುವ ನನ್ನ ಆಫೀಸಿನಲ್ಲಿ ಕೂತಲ್ಲಿ ಕೂರಲಾಗಲಿಲ್ಲ. ಮೂರು ಸಲ ಕಾಫಿ ಮಾಡಿಕೊಂಡೆ, ಒಂದನ್ನೂ ಕುಡಿಯಲಿಲ್ಲ.

ಸುಮುಖ ನನಗೆ ಸಿಕ್ಕಿದ್ದು ನಾಲ್ಕು ವರ್ಷದ ಹಿಂದೆ, ಕನ್ನಡ ಕೂಟದ ಯುಗಾದಿ ಊಟದಲ್ಲಿ. ಇಬ್ಬರಿಗೂ ಹಳೇ ಹಾಲಿವುಡ್ ಹುಚ್ಚು. ಆಕಾಶಕ್ಕೆ ಸರ್ಚ್‌ಲೈಟ್ ಬಿಟ್ಟ ಪ್ರೀಮಿಯರ್‌ಗಳು, ಉದ್ದನೆಯ ಕಾರುಗಳಿಂದ ಇಳಿಯುವ ತಾರೆಯರು, ಕಪ್ಪುಬಿಳುಪು ಫೋಟೋಗಳಲ್ಲೂ ಮಿನುಗುವ ಸ್ಯಾಟಿನ್ ಗೌನುಗಳು. ಹಾಲಿವುಡ್‌ನಲ್ಲಿ ಭಾನುವಾರ ಸಂಜೆ ನಡೆಯುವ ಆಸ್ಕರ್ ನಮಗಿಲ್ಲಿ ಸೋಮವಾರ ಮಧ್ಯಾಹ್ನ, ಕೆಲಸದ ಹೊತ್ತು; ಹಾಗಾಗಿ ಪ್ರತಿ ವರ್ಷ ಈ ಸೋಮವಾರ ಸಂಜೆ ಅವನ ಫ್ಲಾಟಿನಲ್ಲಿ ನಮ್ಮದೇ ಸಮಾರಂಭ. ಬಚ್ಚಲುಮನೆಯ ಕೆಂಪು ಮ್ಯಾಟ್ ಬಾಗಿಲಿಗೆ ಬರುತ್ತದೆ. ನನಗೆ ಅಮ್ಮನ ಮೈಸೂರು ಸಿಲ್ಕ್, ಅವನಿಗೆ ಅಣ್ಣನ ಮದುವೆಯ ಕೋಟು. ಕೈ ಹಿಡಿದು ಮ್ಯಾಟ್ ದಾಟಿಸುತ್ತಾನೆ, ಬಿಡಬೇಕಾದ್ದಕ್ಕಿಂತ ಎರಡು ಕ್ಷಣ ತಡವಾಗಿ ಬಿಡುತ್ತಾನೆ. ಆ ಎರಡು ಕ್ಷಣಗಳನ್ನು ನಂಬಿಕೊಂಡೇ ನಾನು ನಾಲ್ಕು ವರ್ಷ ಕಾದಿದ್ದೆ.

ನಾಲ್ಕು ಗಂಟೆಗೆ ತಾಳ್ಮೆ ಮುಗಿಯಿತು. ಬಸ್ ಹಿಡಿದೆ, ಸಿಟಿಯಲ್ಲಿ ಇಳಿದು ಟ್ರೈನ್ ಹತ್ತಿದೆ. ದಾರಿಯುದ್ದಕ್ಕೂ ಅವನಿಗೆ ಬೈಯುವ ಮಾತು ಜೋಡಿಸಿದೆ, ಅಳು ಬಂದು ಅಷ್ಟೂ ಮರೆತೆ.

ಊರಿನ ಇನ್ನೊಂದು ಕಡೆ, ಪೆನ್‌ರೋಸ್‌ನಲ್ಲಿ ಕೆಲಸ ಮಾಡುವ ಗೋಡೌನಿನಲ್ಲಿ ಅವನು ಕಿತ್ತಳೆ ಬಣ್ಣದ ಜಾಕೆಟ್ ಹಾಕಿಕೊಂಡು, ಕಿವಿಗೆ ದಪ್ಪನೆಯ ಇಯರ್‌ಮಫ್ ಏರಿಸಿಕೊಂಡು ಪೆಟ್ಟಿಗೆಗಳ ಲೇಬಲ್ ನೋಡುತ್ತಿದ್ದ. ನನ್ನನ್ನು ಕಂಡವನೇ ಎರಡೂ ಕೈಯಿಂದ ಕಿವಿ ಇನ್ನಷ್ಟು ಒತ್ತಿಕೊಂಡ.

"ಹೇಳ್ಬೇಡ ಕಣೇ! ಯಾರು ಗೆದ್ರು ಅಂತ ಹೇಳ್ಬೇಡ!"

ನಾನು ಇಯರ್‌ಮಫ್ ಕಿತ್ತೆ. "ನನ್ ಮೆಸೇಜ್ ಯಾಕೋ ನೋಡ್ಲಿಲ್ಲ?"

"ಎರಡು ಗಂಟೆಗೆ ಫೋನ್ ಆಫ್, ಸಂಜೆ ರೆಕಾರ್ಡಿಂಗ್ ನೋಡೋವರೆಗೂ ರಿಸಲ್ಟ್ ಕಿವಿಗೆ ಬೀಳಬಾರದು. ರೂಲ್ ಮಾಡಿದ್ದು ಯಾರು?"

ನಾನೇ. ಆ ಗಾಬರಿಯಲ್ಲಿ ನನ್ನ ರೂಲು ನನಗೇ ಮರೆತುಹೋಗಿತ್ತು. ನಗು ಬರಬೇಕಿತ್ತು, ಬರಲಿಲ್ಲ. ಮೆಸೇಜಿನಲ್ಲಿದ್ದದ್ದನ್ನು ಒಂದೇ ಉಸಿರಿಗೆ ಹೇಳಿಬಿಟ್ಟೆ.

ಅವನ ಮುಖದ ತುಂಟತನ ಇಳಿದುಹೋಯಿತು. ಗಡಿಯಾರ ನೋಡಿದ. ಆರಕ್ಕೆ ಇನ್ನು ಕಾಲು ಗಂಟೆಯಿತ್ತು.

"ಕಾತ್ಯಾಯಿನಿ, ಮೊಟ್ಟಮೊದಲನೇ ಆಸ್ಕರ್ ಕಥೆ ನೆನಪಿದ್ಯಾ?"

"ಈಗ ಅದ್ಯಾಕೋ?"

"ಗೆದ್ದೋರು ಯಾರು ಅಂತ ಮೂರು ತಿಂಗಳು ಮುಂಚೇನೇ ಊರಿಗೆಲ್ಲ ಗೊತ್ತಿತ್ತು. ಪ್ರಶಸ್ತಿ ಕೊಟ್ಟಿದ್ದು ಹದಿನೈದೇ ನಿಮಿಷ. ನಂದೂ ಹಾಗೇ. ಯುಗಾದಿ ಊಟದ ದಿನಾನೇ ತೀರ್ಮಾನ ಆಗೋಗಿತ್ತು. ನಿಂಗೂ ಗೊತ್ತು ಅಂದ್ಕೊಂಡಿದ್ದೆ."

"ಹೇಳ್ದೆ ಹೇಗೋ ಗೊತ್ತಾಗತ್ತೆ, ಪೆದ್ದ?"

ಅವನು ಡ್ರಾಯರಿನಿಂದ ಫೋನ್ ತೆಗೆದು ಆನ್ ಮಾಡಿದ. ಒಂದರ ಹಿಂದೊಂದು ಸುದ್ದಿ ಬಂದು ಬಿತ್ತು. ನಾಲ್ಕು ವರ್ಷ ತಪ್ಪದೆ ಪಾಲಿಸಿದ ರೂಲು ಮುರಿದು, ಆ ದಿನದ ರಿಸಲ್ಟ್, ಅತ್ಯುತ್ತಮ ಚಿತ್ರ ಸಮೇತ, ಅವನ ಕಣ್ಣೆದುರೇ ಬಯಲಾಯಿತು. ಅವನು ಅದನ್ನೆಲ್ಲ ಬೆರಳಿನಿಂದ ಪಕ್ಕಕ್ಕೆ ತಳ್ಳಿ ಪದ್ಮಾವತಿ ಆಂಟಿಯ ನಂಬರ್ ಒತ್ತಿದ.

"ಆಂಟಿ, ನಾನು ಸುಮುಖ. ಕಾತ್ಯಾಯಿನಿ ಅಪ್ಪನಿಗೆ ಫೋನ್ ಮಾಡ್ತೀರಲ್ಲ, ನನ್ ಹೆಸರು ಹೇಳಿ. ಅವಳನ್ನ ನಾನು ಮದುವೆ ಆಗ್ತೀನಿ." ನನ್ನ ಕಡೆ ತಿರುಗಿ ಗಾಬರಿಯಿಂದ ಕೇಳಿದ, "ಆಗ್ಬಹುದು ತಾನೇ?"

ಹೂಂ ಎಂದು ತಲೆಯಾಡಿಸಿದೆ.

ಆಂಟಿಯ ಧ್ವನಿ ನನಗೂ ಕೇಳಿಸಿತು. "ಇದನ್ನ ಹೇಳೋಕೆ ಇಷ್ಟು ವರ್ಷ ಬೇಕಾಯ್ತೇನಪ್ಪ?"

ಆ ಸಂಜೆ ಎಂದಿನಂತೆ ಕೆಂಪು ಮ್ಯಾಟ್ ದಾಟಿಸಿದ. ಒಂದು ಕ್ಷಣ, ಎರಡು ಕ್ಷಣ, ನಾನು ಮನಸ್ಸಿನಲ್ಲೇ ಎಣಿಸಿದೆ. ಅವನು ಕೈ ಬಿಡಲೇ ಇಲ್ಲ.