ಅವನು ಬಂದರೆ ಸ್ಟಾರ್ಟ್ ಆಗುವ ಕಾರು

'ಅವನು ಬಂದಾಗ ಕಾರು ಸ್ಟಾರ್ಟ್ ಆಗಿಬಿಟ್ಟು, ನಾನು ಸುಳ್ಳು ಹೇಳಿ ಕರೆಸಿದೆ ಅಂತ ಅಂದುಕೊಂಡುಬಿಟ್ಟರೆ?'

ಮೆಕ್ಯಾನಿಕ್ ಗೇಟು ತೆಗೆಯುವ ಮೊದಲೇ ಅವಳು ಬಾಗಿಲಿಗೂ ಕಾರಿಗೂ ನಾಲ್ಕು ಸಲ ಓಡಾಡಿದ್ದಳು. ಡಿಗ್ರಿ ಮುಗಿಸಿ ಲೈಬ್ರರಿಯಲ್ಲಿ ಕೆಲಸಕ್ಕೆ ಸೇರಿದ್ದ ಹುಡುಗಿ. ಡೈರಿಯಲ್ಲಿ ಪುಟಗಟ್ಟಲೆ ಮಾತಾಡುವವಳಿಗೆ, ಎದುರಿಗೆ ಯಾರಾದರೂ ನಿಂತರೆ ಎರಡು ಮಾತಿಗೇ ಸುಸ್ತು. ಅಮ್ಮ ಅವಳನ್ನು ಮೌನಗೌರಿ ಎಂದೇ ಕರೆಯುತ್ತಿದ್ದರು.

ಅಪ್ಪನ ಕಾರಿಗೆ ಅವಳಿಗಿಂತ ಎರಡು ವರ್ಷ ಹೆಚ್ಚು ವಯಸ್ಸು. ಬೆಳಿಗ್ಗೆ ಅವಳು ಎಷ್ಟು ಸಲ ಕೀ ತಿರುಗಿಸಿದರೂ ಅದು ಟಿಕ್ ಅಂತಲೂ ಅಂದಿರಲಿಲ್ಲ.

ಅವನು ಬಂದವನೇ ಅವಳ ಕೀಗೊಂಚಲಿನಿಂದ ಕಾರಿನ ಕೀಯೊಂದನ್ನೇ ಕಳಚಿಕೊಂಡು, ಉಳಿದದ್ದನ್ನು ಅವಳ ಕೈಗೆ ಹಾಕಿದ.

"ಬೇರೆಯವರ ಮನೆ ಕೀ ನಾನು ಇಟ್ಕೊಳಲ್ಲ ಮೇಡಂ. ಒಂದ್ಸಲ ಜೇಬಲ್ಲೇ ಹಾಕ್ಕೊಂಡು ಹೋಗ್ಬಿಟ್ಟಿದ್ದೆ. ಇಡೀ ಸಂಸಾರ ಮೆಟ್ಟಿಲ ಮೇಲೆ ಕೂತು ನನಗೆ ಮಂಗಳಾರತಿ ಮಾಡ್ತು!"

ಕೀ ತಿರುಗಿಸಿದ. ಒಂದೇ ಏಟಿಗೆ ಸ್ಟಾರ್ಟ್!

"ಚೆನ್ನಾಗೇ ಇದೆಯಲ್ಲ?"

"ಬೆಳಿಗ್ಗೆ... ಆಗಿರಲಿಲ್ಲ."

ಅವನು ನಕ್ಕ. ಕೆನ್ನೆಯ ಮೇಲಿನ ಗ್ರೀಸಿನ ಗೀಟೂ ಜೊತೆಗೇ ನಕ್ಕಂತಾಯಿತು. ಅಯ್ಯೋ, ಇದೇನು ತನ್ನ ಎದೆ ಹೀಗೆ ಹೊಡೆದುಕೊಳ್ಳುತ್ತಿದೆ!

ಎರಡು ದಿನಕ್ಕೆ ಕಾರು ಮತ್ತೆ ಕೈಕೊಟ್ಟಿತು. ಅವನು ಬಂದ, ಕೀ ಕಳಚಿದ, ಕಾರು ಸ್ಟಾರ್ಟ್ ಆಯಿತು. ಬ್ಯಾಟರಿ ಟರ್ಮಿನಲ್ ಉಜ್ಜಿ ಹೋದ. ಮುಂದಿನ ವಾರ ಸ್ಟಾರ್ಟರ್ ಮೋಟಾರನ್ನೇ ಬಿಚ್ಚಿ ಜೋಡಿಸಿದ. ಊಹೂಂ!

"ಇದಕ್ಕೆ ನಿನ್ನ ಕಂಡ್ರೆ ಹೆದರಿಕೆ ಕಣಪ್ಪ," ಎಂದರು ಅಪ್ಪ.

"ಹೆದರಿಕೆನೋ, ಇನ್ನೇನೋ!" ಅಡುಗೆಮನೆಯಿಂದ ಅಮ್ಮ.

ಅವಳು ಕಿವಿಯವರೆಗೂ ಕೆಂಪಾದಳು.

"ಸ್ಟಾರ್ಟ್ ಆಗದಿದ್ದಾಗಲೆಲ್ಲ ಬರೆದಿಡಿ ಮೇಡಂ. ಎಷ್ಟು ಹೊತ್ತಿಗೆ, ಬಿಸಿಲಿತ್ತಾ, ಎಂಜಿನ್ ಬಿಸಿಯಿತ್ತಾ... ಎಲ್ಲ."

ಬರೆಯುವುದು! ಅವಳಿಗೆ ಇನ್ನೇನು ಬೇಕು? ಅವಳು ಕೊಟ್ಟ ಹಾಳೆಯನ್ನು ಅವನು ಬಾನೆಟ್ ಮೇಲೆ ಹರಡಿ ಜೋರಾಗಿ ಓದಿದ. "ಗುರುವಾರ, ಒಂಬತ್ತೂ ಹತ್ತು. ಮೋಡ. ಎಂಜಿನ್ ತಣ್ಣಗೆ. ಮುನಿಸಿಕೊಂಡ ಸೋದರತ್ತೆಯ ಹಾಗೆ ಕೂತಿದೆ, ಕರೆದರೂ ಓಗೊಡುತ್ತಿಲ್ಲ..." ಹೊಟ್ಟೆ ಹಿಡಿದುಕೊಂಡು ನಕ್ಕ. "ಇಂಥ ಗಿರಾಕಿ ನನಗೆ ಇದೇ ಮೊದಲು ಮೇಡಂ!"

ಒಂದು ಬೆಳಿಗ್ಗೆ ಅಮ್ಮ ಬೀರುವಿನ ಕೀ ಬೇಕೆಂದು ಇಡೀ ಗೊಂಚಲನ್ನೇ ಇಟ್ಟುಕೊಂಡರು. ಅವಳಿಗೆ ಸಿಕ್ಕಿದ್ದು ಕಾರಿನ ಕೀ ಮಾತ್ರ. ಅಂದು ಕಾರು ಮರುಮಾತಿಲ್ಲದೆ ಹೊರಟಿತು. ಮರುದಿನವೂ ಹೊರಟಿತು. ಅನುಮಾನ ಬಂದು ಗೊಂಚಲು ಸಿಕ್ಕಿಸಿ ನೋಡಿದಳು. ಉಸಿರಿಲ್ಲ! ತೆಗೆದಳು. ಸ್ಟಾರ್ಟ್!

ಮನೆ, ಬೀರು, ಅಟ್ಟ, ಲೈಬ್ರರಿಯ ಕಪಾಟುಗಳು... ಹನ್ನೊಂದು ಕೀಗಳ ಭಾರಕ್ಕೆ, ಕೀ ಹಾಕುವ ಜಾಗದ ಸವೆದುಹೋಗಿದ್ದ ಇಗ್ನಿಷನ್ ಸ್ವಿಚ್ ಒಂದು ಕಡೆಗೆ ಜಗ್ಗಿ, ಕರೆಂಟು ತಾಗುತ್ತಿರಲಿಲ್ಲ. ಅಷ್ಟೇ!

'ಸಿಕ್ಕಿಬಿಟ್ಟಿತಲ್ಲ... ಇನ್ನು ಅವನು ಬರುವುದಿಲ್ಲವಲ್ಲ!'

ಆದರೂ ಫೋನ್ ಮಾಡಿದಳು. ನಿಜ ಹೇಳಲೆಂದೇ ಮಾಡಿದಳು.

"ಏನ್ ಮೇಡಂ, ಇವತ್ತೂ ಮುಷ್ಕರಾನಾ?"

"...ಹೂಂ."

ಹೇಳಿದ್ದು ಸುಳ್ಳಾಗಬಾರದೆಂದು ಓಡಿಹೋಗಿ ಗೊಂಚಲನ್ನು ಮತ್ತೆ ಸಿಕ್ಕಿಸಿದಳು.

ಎಂಟು ದಿನದಲ್ಲಿ ಅವನು ನಾಲ್ಕು ಸಲ ಬಂದ. ನಾಲ್ಕನೆಯ ಸಲ ಅವನ ಮುಖದಲ್ಲಿ ನಗುವಿರಲಿಲ್ಲ.

"ಬೇರೆ ಗ್ಯಾರೇಜಿಗೆ ಕೊಡಿ ಮೇಡಂ. ಒಂದು ಹಳೇ ಕಾರಿನ ಕಾಯಿಲೆ ಹಿಡಿಯೋಕಾಗದವನಿಗೆ ಗ್ಯಾರೇಜ್ ಹೇಗೆ ವಹಿಸ್ಲಿ ಅಂತಾರೆ ನಮ್ಮ ದೊಡ್ಡಪ್ಪ. ಅವರು ಹೇಳೋದೂ ಸರಿನೇ. ಈ ಕೆಲಸ ನನ್ನ ಕೈಲಾಗಲ್ಲ ಅನ್ಸುತ್ತೆ. ಬಿಟ್ಬಿಡ್ತೀನಿ."

ಸ್ಪ್ಯಾನರುಗಳನ್ನು ಒಂದೊಂದಾಗಿ ಒರೆಸಿ ಪೆಟ್ಟಿಗೆಗೆ ಹಾಕತೊಡಗಿದ. ತನ್ನ ಒಂದು 'ಹೂಂ'ಗೆ ಇವನ ಬದುಕೇ...

"ನಿಲ್ಲಿ!"

ಇಷ್ಟು ಜೋರಾದ ದನಿ ತನ್ನದೆಂದು ಅವಳಿಗೇ ನಂಬಿಕೆಯಾಗಲಿಲ್ಲ. ಒಳಗೆ ಅಮ್ಮನ ಕೈಯಿಂದ ಪಾತ್ರೆ ಜಾರಿ ಬಿದ್ದ ಸದ್ದಾಯಿತು.

ಅವಳು ಗೊಂಚಲು ಸಿಕ್ಕಿಸಿ ಕೀ ತಿರುಗಿಸಿದಳು. ಕಾರು ಮಿಸುಕಲಿಲ್ಲ. ಗೊಂಚಲು ಕಳಚಿ ತಿರುಗಿಸಿದಳು. ಸ್ಟಾರ್ಟ್!

ಅವನು ಗೊಂಚಲನ್ನು ನೋಡಿದ. ಕಾರನ್ನು ನೋಡಿದ. ಹಣೆ ಚಚ್ಚಿಕೊಂಡ.

"ಅಯ್ಯೋ ನನ್ನ ಬುದ್ಧಿಗಿಷ್ಟು! ಕಾಯಿಲೆನ ನಿಮ್ಮ ಕೈಗೆ ಕೊಟ್ಬಿಟ್ಟು ಕಾರಿಗೆ ಔಷಧಿ ಮಾಡ್ತಿದ್ನಲ್ಲ!" ನಗುತ್ತಿದ್ದವನು ತಟ್ಟನೆ ನಿಲ್ಲಿಸಿದ. "ನಿಮಗೆ ಯಾವಾಗ ಗೊತ್ತಾಯ್ತು?"

"ಎಂಟು ದಿನ... ಆಯ್ತು."

"ಎಂಟು ದಿನ! ನಾನು ಊಟ ನಿದ್ದೆ ಬಿಟ್ಟು ತಲೆ ಕೆಡಿಸ್ಕೊಂಡು ಕೂತಿದ್ದೆ! ಯಾಕೆ ಹೇಳ್ಲಿಲ್ಲ ಮೇಡಂ?"

ಹುಸಿಮುನಿಸಲ್ಲ. ನಿಜಕ್ಕೂ ನೊಂದಿದ್ದ.

"ಸರಿಹೋದ್ರೆ... ನೀವು ಬರಲ್ವಲ್ಲ."

ಹೊರಡಲೆಂದು ಅವನು ಎತ್ತಿಕೊಂಡಿದ್ದ ಪೆಟ್ಟಿಗೆ ಮೆಲ್ಲಗೆ ಕೆಳಗಿಳಿಯಿತು.

"ಅಂದ್ರೆ... ನನ್ನನ್ನ ಕರೆಸ್ತಿದ್ದಿದ್ದು ಕಾರಿಗೋಸ್ಕರ ಅಲ್ವಾ?"

ನೆಲ ನೋಡುತ್ತಿದ್ದವಳು ತಲೆಯೆತ್ತಿದಳು. ಮೊದಲ ಸಲ ಅವನ ಕಣ್ಣಲ್ಲಿ ಕಣ್ಣಿಟ್ಟಳು.

"ಅಲ್ಲ. ನನಗೋಸ್ಕರ. ನೀವು ದಿನಾ ಬರ್ಬೇಕು ಅಂತ ನನಗೆ ಆಸೆ."